ವೇಗ ತಿದ್ದಿದ ಕ್ಯಾಸೆಟ್

“ತಂತಿ ಕಡಿದದ್ದು ಎರಡನೇ ಹಾಡಿನಲ್ಲಿ,” ಎಂದರು ಹಲ್ಲಿನ ಡಾಕ್ಟರು. “ಬೇಕಾದರೆ ಈ ಕ್ಲಿನಿಕ್ಕನ್ನೇ ಪಣಕ್ಕಿಡ್ತೀನಿ.”

“ಕ್ಲಿನಿಕ್ಕು ನಿಮ್ಮ ಮಾವನ ಹೆಸರಲ್ಲಿದೆ, ಪಾಪ, ಅದನ್ನ ಇಡಬೇಡಿ,” ಎಂದರು ಔಷಧಿ ಅಂಗಡಿಯವರು. “ಗಿಟಾರ್ ತಂತಿ ಕಡಿದದ್ದು ಮೂರನೇ ಹಾಡಿನಲ್ಲಿ. ನಾನು ಕಣ್ಣಾರೆ ನೋಡಿದೆ. ನೀವು ಆವತ್ತು ಮಂಗಬಾವು ಬಂದು ಕೆನ್ನೆ ಊದಿಸ್ಕೊಂಡು ಮನೇಲಿ ಮಲಗಿದ್ರಿ.”

ಎಲ್ಲರೂ ನಕ್ಕರು. ಡಾಕ್ಟರು ಮಾತ್ರ ನಗಲಿಲ್ಲ. ಆ ಸಂಜೆ ತಪ್ಪಿಹೋದದ್ದು ಅವರ ಪಾಲಿಗೆ ಇಂದಿಗೂ ಮಾಯದ ಗಾಯ.

ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ರಜೆ. ರೋಗಿಗಳು ಕಾಯುವ ಕೋಣೆಯ ಕುರ್ಚಿಗಳನ್ನು ದುಂಡಗೆ ಜೋಡಿಸಿದ್ದರು. ಹೆಸರು ಬರೆಸುವ ಮೇಜಿನ ಮೇಲೆ ಡಾಕ್ಟರ ಭಾರೀ ಟೇಪ್ ಯಂತ್ರ ಕೂತಿತ್ತು. ಗೋಡೆಯ ಮೇಲಿನ ಆಳೆತ್ತರದ ಹಲ್ಲಿನ ಚಿತ್ರದ ಪಕ್ಕಕ್ಕೆ, ಅಷ್ಟೇ ಎತ್ತರದ ಇನ್ನೊಂದು ಚಿತ್ರ: ಗಿಟಾರನ್ನು ಕೊಡಲಿಯ ಹಾಗೆ ಹಿಡಿದು ಬಾಯಿ ತೆರೆದು ನಿಂತ ಗಾಯಕ. ಪ್ರಾಯದಲ್ಲಿ ಜನ ಅವರನ್ನು ಗುಡುಗು ಎನ್ನುತ್ತಿದ್ದರು. ತಲೆ ನರೆತ ಮೇಲೆ ಪ್ರೀತಿಯಿಂದ ಗುಡುಗಜ್ಜ ಆದರು. ಇಲ್ಲಿ ಸೇರುವವರೆಲ್ಲ ಅವರ ಅಭಿಮಾನಿಗಳು. ಹಳೆಯ ಕಾರ್ಯಕ್ರಮಗಳಲ್ಲಿ ಕದ್ದುಮುಚ್ಚಿ ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳನ್ನು ವಾರಕ್ಕೊಂದರಂತೆ ಕೇಳಿ ಜಗಳವಾಡುವುದು ಅವರ ಭಾನುವಾರದ ಕೆಲಸ.

ಬೆನ್ನುನೋವಿನ ಬ್ಯಾಂಕ್ ಕ್ಯಾಷಿಯರ್ ಕೂರುವ ಮೊದಲೇ ಡಾಕ್ಟರು ಆ ಕುರ್ಚಿಗೆ ದಿಂಬು ಹಾಕಿಟ್ಟಿದ್ದರು. ಜಗಳದ ನಡುವೆಯೂ ಇಂಥದ್ದನ್ನು ಮರೆಯದವರನ್ನು ಕಳ್ಳ ಎಂದು ಅನುಮಾನಿಸುವುದು ವಿಮೆ ಮೇಡಂಗೆ ಕಷ್ಟವೆನಿಸಿತು. ಆದರೂ ಅನುಮಾನಿಸಿದರು. ವಿಮೆ ಕಂಪನಿಯಲ್ಲಿ ಸುಟ್ಟ ಗೋದಾಮು, ಮುಳುಗಿದ ದೋಣಿಗಳ ಸತ್ಯಾಸತ್ಯ ನೋಡುತ್ತ ತಲೆ ಹಣ್ಣಾದವರು ಅವರು. ನಿವೃತ್ತಿಯ ನಂತರವೂ ಜನ ತಮ್ಮ ಸಂಕಟಗಳನ್ನು ಅವರ ಬಾಗಿಲಿಗೇ ತರುತ್ತಿದ್ದರು.

ಈ ಸಲ ತಂದವರು ಭೂಗೋಳದ ಮೇಷ್ಟ್ರು. ಹಿಂದಿನ ಭಾನುವಾರ ಇದೇ ಕೋಣೆಯಲ್ಲಿ ಅವರು ತಮ್ಮ ತಗಡಿನ ಡಬ್ಬಿ ತೆರೆದು ಕ್ಯಾಸೆಟ್ ಹಾಕಿದಾಗ, ಅದು ಅವರದ್ದಾಗಿರಲಿಲ್ಲ. ಮೇಲಿನ ಚೀಟಿ ಅದೇ, ಒಳಗಿನದು ಬೇರೆ.

ಕಳೆದುಹೋದದ್ದು ಸಾಮಾನ್ಯ ಕ್ಯಾಸೆಟ್ಟಲ್ಲ. ಹಳೆಯ ಗಿರಣಿಯ ಗೋದಾಮಿನಲ್ಲಿ ಗುಡುಗಜ್ಜ ಹಾಡಿದ ಸಂಜೆಯದು. ಈಗ ಒಂದು ಕಂಪನಿ ಅವರ ಹಳೆಯ ಕಾರ್ಯಕ್ರಮಗಳನ್ನೆಲ್ಲ ಸರಣಿಯಾಗಿ ಹೊರತರುತ್ತಿದೆ. ಮೊದಲನೆಯದೇ ಗೋದಾಮಿನ ಸಂಜೆ. ಬುಧವಾರ ಕಂಪನಿಯವರು ಬರುತ್ತಾರೆ. ಮೂಲ ಕ್ಯಾಸೆಟ್ಟೇ ಬೇಕು, ಪ್ರತಿ ಬೇಡ ಎಂದಿದ್ದಾರೆ.

ಅದು ಸಿಗದಿದ್ದರೆ ಉಳಿಯುವುದು ಔಷಧಿ ಅಂಗಡಿಯವರ ಕ್ಯಾಸೆಟ್. ಅವರೂ ಆ ಸಂಜೆ ಕೊನೆಯ ಸಾಲಿನಲ್ಲಿ ಕೂತು ಮುದ್ರಿಸಿದ್ದರು, ಆದರೆ ಕಂಬಳಿ ಹೊದಿಸಿದಂಥ ಶಬ್ದ. ಬಳಗದವರು ಅವರನ್ನು ಕರೆಯುವುದೇ ಸಿರಪ್ಪಣ್ಣ ಎಂದು. “ಸಿರಪ್ಪಣ್ಣನ ಟೇಪು ಕೆಮ್ಮಿನ ಔಷಧಿ ಇದ್ದ ಹಾಗೆ, ಕೇಳ್ತಾ ಕೇಳ್ತಾ ನಿದ್ದೆ ಬರುತ್ತೆ,” ಎಂಬುದು ಹಳೆಯ ತಮಾಷೆ. ಮೇಷ್ಟ್ರ ಕ್ಯಾಸೆಟ್ಟಿನಲ್ಲಿ ಹಾಡು ಕುದುರೆಯ ಹಾಗೆ ಓಡುತ್ತಿತ್ತು. ಸಿರಪ್ಪಣ್ಣನದರಲ್ಲಿ ಅದೇ ಹಾಡು ಎತ್ತಿನ ಹಾಗೆ ನಡೆಯುತ್ತಿತ್ತು.

“ಅವನ ಯಂತ್ರವೇ ಕುಂಟು,” ಎಂದು ಬಳಗ ತೀರ್ಪು ಕೊಟ್ಟು ಮೂವತ್ತು ವರ್ಷ ಕಳೆದಿತ್ತು. “ಗುಡುಗಜ್ಜ ಹಾಡಿದ್ದೇ ಹಾಗೆ ಕಣ್ರಯ್ಯ,” ಎಂದು ಸಿರಪ್ಪಣ್ಣ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದರು.

ಹಾಗಾಗಿ ಮೇಷ್ಟ್ರ ಕ್ಯಾಸೆಟ್ ಹೋದ ದಿನವೇ ಎಲ್ಲರ ಕಣ್ಣೂ ಸಿರಪ್ಪಣ್ಣನ ಮೇಲೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

“ನನಗೆ ಹೆಸರು ಬೇಡ ಮೇಡಂ,” ಎಂದಿದ್ದರು ಮೇಷ್ಟ್ರು, ಮಂಗಳವಾರ ವಿಮೆ ಮೇಡಂ ಮನೆಗೆ ಬಂದು, ಕಣ್ಣೊರೆಸಿಕೊಳ್ಳುತ್ತ. “ಎರಡನೇ ಹಾಡು ಮುಗಿದ ಮೇಲೆ ನಮ್ಮ ಮನೆಯವಳು ಒಂದು ಸಲ ನಗ್ತಾಳೆ. ಅವಳು ಹೋಗಿ ಎಂಟು ವರ್ಷ ಆಯ್ತು. ಅವಳ ಧ್ವನಿ ಅಂತ ನನ್ನ ಹತ್ರ ಇರೋದು ಅದೊಂದೇ. ಅದು ಈ ಲೋಕದಲ್ಲಿ ಉಳೀಬೇಕು.”

ಈಗ ಮೇಷ್ಟ್ರು ಕಿಟಕಿಯ ಪಕ್ಕ ಕೂತಿದ್ದರು. ತೆಳ್ಳಗಿನ ಮನುಷ್ಯ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು. ಕಾಲಬುಡದಲ್ಲಿ ಚಹಾದ ಫ್ಲಾಸ್ಕು. ಅದನ್ನು ಅವರ ನಾದಿನಿ ತಂದಿಟ್ಟು, ಮುಚ್ಚಳ ಗಟ್ಟಿಯಾಗಿದೆಯೇ ಎಂದು ಎರಡು ಸಲ ನೋಡಿ, ರೇಡಿಯೋ ಕೇಂದ್ರಕ್ಕೆ ಡ್ಯೂಟಿಗೆ ಹೋಗಿದ್ದಳು.

“ಆ ಬದಲಿ ಕ್ಯಾಸೆಟ್ ಇನ್ನೊಮ್ಮೆ ಹಾಕಿ,” ಎಂದರು ವಿಮೆ ಮೇಡಂ.

“ಆ ದರಿದ್ರಾನಾ?” ಡಾಕ್ಟರು ಮುಖ ಸಿಂಡರಿಸಿದರು. “ಕಳ್ಳನಿಗೆ ನಿಯತ್ತಿಲ್ಲ ಅಂದ್ರೆ ಬೇಡ, ಶಿಸ್ತೂ ಇಲ್ಲ. ಡಬ್ಬಿ ತೆಗೆದಾಗ ಟೇಪು ಪೂರ್ತಿ ಕೊನೆಗೆ ಬಂದು ನಿಂತಿತ್ತು. ಕೇಳಿ ಮುಗಿಸಿ ಹಿಂದಕ್ಕೆ ಸುತ್ತಿಡೋದು ನಮ್ಮಲ್ಲಿ ಮೊದಲನೇ ಪಾಠ. ಮೊನ್ನೆ ಮೊನ್ನೆ ಸೇರಿದವರಿಗೂ ಅದು ಗೊತ್ತು.”

ವಿಮೆ ಮೇಡಂ ಆ ಮಾತನ್ನು ಮನಸ್ಸಿನಲ್ಲಿ ಪಕ್ಕಕ್ಕೆ ಎತ್ತಿಟ್ಟುಕೊಂಡರು.

ಹಾಡು ಶುರುವಾಯಿತು. ಡ್ರಮ್ಮು, ಗಿಟಾರು, ಜನರ ಕೂಗು. ಎಡಗಡೆ ಯಾರೋ ಕೆಮ್ಮಿದರು.

“ಇವನು ಎಲ್ಲಾ ಟೇಪಲ್ಲೂ ಇದ್ದಾನೆ,” ಎಂದರು ಕ್ಯಾಷಿಯರ್. “ಊರೂರಿಗೆ ಹೋಗಿ ಕೆಮ್ಮಿ ಬರ್ತಾನೆ. ನಮಗಿಂತ ದೊಡ್ಡ ಅಭಿಮಾನಿ.”

“ಕೇಳಿ, ಕೇಳಿ! ಶಬ್ದ ಹತ್ತಿರದಲ್ಲೇ ಇದೆ, ಸ್ಪಷ್ಟವಾಗಿದೆ. ಮೇಷ್ಟ್ರ ಟೇಪಿಂದಲೇ ತೆಗೆದ ಪ್ರತಿ ಇದು. ಆದರೆ ಓಟ ಎಲ್ಲಿ?” ಡಾಕ್ಟರು ತೊಡೆ ತಟ್ಟಿಕೊಂಡರು. “ಜೀವವೇ ಇಲ್ಲ!”

ಎರಡನೇ ಹಾಡು ಮುಗಿಯಿತು. ಹೆಂಗಸೊಬ್ಬಳು ನಕ್ಕಳು. ತುಂಬು ನಗು, ತಡೆದು ತಡೆದು, ಕೊನೆಗೆ ತಡೆಯಲಾರದೆ ಚೆಲ್ಲಿದ್ದು.

“ನೋಡಿ, ನಗುವನ್ನೂ ಕೆಡಿಸಿದ್ದಾನೆ ಪಾಪಿ,” ಎಂದರು ಡಾಕ್ಟರು. “ಮೇಷ್ಟ್ರ ಮನೆಯವರ ನಗು ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗಿತ್ತು. ಇದು ಯಾರೋ ಬೇರೆಯವರದ್ದು ಅನ್ನೋ ಹಾಗಿದೆ.”

ಮೇಷ್ಟ್ರು ಫ್ಲಾಸ್ಕಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ಸಿರಪ್ಪಣ್ಣ, ನಿಮ್ಮದನ್ನ ತಂದಿದ್ದೀರಾ?”

ತಂದಿದ್ದರು. ಟಾನಿಕ್ಕಿನ ರಟ್ಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದರು. ಜೊತೆಗೆ ಆವತ್ತಿನದೇ ಹಳೆಯ ಯಂತ್ರ.

ವಿಮೆ ಮೇಡಂ ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಡಿಸಿದರು. ಎರಡರಲ್ಲೂ ಡ್ರಮ್ಮಿನ ಮೊದಲ ಪೆಟ್ಟಿಗೆ ಸರಿಯಾಗಿ ತಂದು ನಿಲ್ಲಿಸಿ, ಒಟ್ಟಿಗೆ ಬಿಡಲು ಹೇಳಿದರು.

ಎರಡು ಕ್ಯಾಸೆಟ್ಟುಗಳೂ ಜೋಡಿ ಎತ್ತುಗಳ ಹಾಗೆ ಹೊರಟವು. ಒಂದರ ಪೆಟ್ಟಿನ ಮೇಲೆ ಇನ್ನೊಂದರ ಪೆಟ್ಟು. ಮೊದಲ ಹಾಡು ಮುಗಿಯಿತು, ಎರಡನೆಯದು, ಮೂರನೆಯದು. ಕೊನೆಯ ಹಾಡಿನಲ್ಲೂ ಒಂದು ಹೆಜ್ಜೆ ಹಿಂದಿಲ್ಲ, ಮುಂದಿಲ್ಲ. ಮೂರನೇ ಹಾಡಿನಲ್ಲಿ ತಂತಿ ಕಡಿದ ಸದ್ದು ಎರಡರಿಂದಲೂ ಒಟ್ಟಿಗೇ ಬಂದಾಗ ಕೂಡ ಡಾಕ್ಟರು ಬಾಯಿ ಬಿಡಲಿಲ್ಲ.

“ಸಿರಪ್ಪಣ್ಣ, ಆ ಸಂಜೆ ನೀವು ಕೊನೇ ಸಾಲಿನಲ್ಲಿ ಯಾಕೆ ಕೂತ್ರಿ?”

“ಕರೆಂಟು ಅಲ್ಲಿತ್ತು ಮೇಡಂ. ಗೋಡೇಲಿ ಪ್ಲಗ್ಗು. ನನ್ನ ಯಂತ್ರ ಕರೆಂಟಿಲ್ಲದೆ ನಡೆಯಲ್ಲ.”

“ಮೇಷ್ಟ್ರೇ, ನಿಮ್ಮದು?”

“ಬ್ಯಾಟರಿ,” ಎಂದರು ಮೇಷ್ಟ್ರು. “ನಾನು ವೇದಿಕೆ ಬುಡದಲ್ಲಿ ನಿಂತಿದ್ದೆ. ಯಂತ್ರ ನಮ್ಮ ಮನೆಯವಳ ಚೀಲದಲ್ಲಿತ್ತು, ಎರಡನೇ ಸಾಲಲ್ಲಿ. ಪಕ್ಕದಲ್ಲಿ ಅವಳ ತಂಗಿ.”

“ಹೊಸ ಬ್ಯಾಟರಿಯೇ?”

ಮೇಷ್ಟ್ರು ಕೋಟಿನ ಗುಂಡಿ ತಿರುವಿದರು. “ಹೊರಡೋ ಗಡಿಬಿಡಿ. ಮನೇ ಟಾರ್ಚಿಂದ ಕಿತ್ತು ಹಾಕಿದ್ದೆ.”

ಕ್ಯಾಷಿಯರ್ ಬೆನ್ನುನೋವು ಮರೆತು ಎದ್ದು ನಿಂತರು. “ಬ್ಯಾಟರಿ ಸೋತಿದ್ರೆ ಟೇಪು ನಿಧಾನ ಓಡುತ್ತೆ. ನಿಧಾನ ಓಡಿದ ಟೇಪನ್ನ ಆಮೇಲೆ ಸರಿಯಾದ ಯಂತ್ರಕ್ಕೆ ಹಾಕಿದರೆ…”

“ಹಾಡು ಓಡುತ್ತೆ,” ಎಂದರು ವಿಮೆ ಮೇಡಂ. “ಧ್ವನಿ ತೆಳ್ಳಗಾಗುತ್ತೆ. ಆವತ್ತು ಗುಡುಗಜ್ಜ ಓಡಲಿಲ್ಲ. ಬ್ಯಾಟರಿ ಕುಂಟಿತು, ಅಷ್ಟೆ. ಕದ್ದವರು ಅದನ್ನ ತಿದ್ದಿ ಪ್ರತಿ ಮಾಡಿದ್ದಾರೆ. ಬ್ಯಾಟರಿ ಸೋಲೋದು ಒಂದೇ ಸಮ ಅಲ್ಲ, ಬರಬರುತ್ತಾ ಜಾಸ್ತಿ. ಅಂದ್ರೆ ಮೊದಲಿಂದ ಕೊನೇವರೆಗೆ ಪಕ್ಕದಲ್ಲೇ ಕೂತು, ವೇಗದ ತಿರುಪನ್ನ ಚೂರು ಚೂರೇ ತಿರುಗಿಸ್ತಾ ಹೋಗಿದ್ದಾರೆ. ಬರೀ ಕಳ್ಳತನಕ್ಕೆ ಬಂದವರು ಒಂದು ಖಾಲಿ ಕ್ಯಾಸೆಟ್ ಇಟ್ಟು ಹೋಗ್ತಿದ್ರು.”

ಎಲ್ಲರೂ ಸಿರಪ್ಪಣ್ಣನ ಕಡೆ ನೋಡಿದರು. ಈ ಸಲದ ನೋಟ ಬೇರೆ. ಮೂವತ್ತು ವರ್ಷದ ತಮಾಷೆ ಕೋಣೆಯ ನಡುವೆ ಸತ್ತು ಬಿದ್ದಿತ್ತು, ಎತ್ತಿ ಹೊರಗೆ ಹಾಕುವವರು ಯಾರೂ ಇರಲಿಲ್ಲ.

ಸಿರಪ್ಪಣ್ಣ ಹಿಗ್ಗಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. “ನಾನು ಹೇಳ್ತಾನೇ ಇದ್ದೆ,” ಎಂದರು ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ.

“ನಿನ್ನ ಯಂತ್ರಕ್ಕೆ ವೇಗದ ತಿರುಪು ಇದ್ಯೇನೋ?” ಡಾಕ್ಟರು ಕೊನೆಯ ಬಾಣ ಬಿಟ್ಟರು.

“ಇದ್ದಿದ್ರೆ ಈ ಬೈಗುಳ ತಿಂತಿದ್ನಾ? ನಿಮ್ಮದಕ್ಕಿದ್ಯಾ?”

“ನನ್ನದು ಕೂದಲೆಳೆಯಷ್ಟೂ ತಪ್ಪಲ್ಲ. ಅದಕ್ಕೆ ತಿರುಪು ಯಾಕೆ?” ಎಂದವರು, ಹೇಳಿ ಮುಗಿಸಿದ ಮೇಲೆ ತಾವೇ ತಮ್ಮನ್ನು ಅನುಮಾನದಿಂದ ಬಿಡಿಸಿಕೊಂಡದ್ದು ಗೊತ್ತಾಗಿ ಹಗುರಾದರು.

ಮೇಷ್ಟ್ರು ಎದ್ದರು. ಮುಖ ಸುಣ್ಣದ ಗೋಡೆಯಾಗಿತ್ತು. “ತಲೆ ಸಿಡೀತಿದೆ. ನಾನು ಹೊರಡ್ತೀನಿ.”

“ಒಬ್ಬರೇ ಹೋಗಬೇಡಿ ಮೇಷ್ಟ್ರೇ,” ಎಂದು ಸಿರಪ್ಪಣ್ಣ ಅವರ ಮೊಣಕೈ ಹಿಡಿದುಕೊಂಡರು. “ದಾರೀಲಿ ನಮ್ಮ ಅಂಗಡಿ. ಒಂದು ಮಾತ್ರೆ ತಗೊಂಡು, ಫ್ಯಾನಿನ ಕೆಳಗೆ ಸ್ವಲ್ಪ ಕೂತು, ಆಮೇಲೆ ಹೋಗುವಿರಂತೆ.” ತಮ್ಮ ಯಂತ್ರವನ್ನು ಅಲ್ಲೇ ಬಿಟ್ಟು, ಮೇಷ್ಟ್ರ ಫ್ಲಾಸ್ಕನ್ನು ತಾವೇ ಎತ್ತಿಕೊಂಡರು.

ಇಬ್ಬರೂ ಮೆಟ್ಟಿಲಿಳಿಯುವುದನ್ನು ವಿಮೆ ಮೇಡಂ ನೋಡುತ್ತ ನಿಂತರು. ಅಷ್ಟು ವರ್ಷ ನಗೆಪಾಟಲು ಮಾಡಿದವರಲ್ಲಿ ಮೇಷ್ಟ್ರೇ ಮುಂದಾಳು. ಸಿರಪ್ಪಣ್ಣನ ಕೈ ಮಾತ್ರ ಒಂದೊಂದು ಮೆಟ್ಟಿಲಿಗೂ ಅವರನ್ನು ಕಾಯುತ್ತಿತ್ತು.

*

ಕೆಳಗೆ ಕಾರಿನಲ್ಲಿ ವಿಮೆ ಮೇಡಂ ಅವರ ಯಜಮಾನರು ಪೇಪರು ಓದುತ್ತ ಕೂತಿದ್ದರು. ಡ್ರೈವಿಂಗ್ ಕಲಿಸುವವರ ಕಾರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು.

“ರೇಡಿಯೋ ಕೇಂದ್ರಕ್ಕೆ ನಡೀರಿ. ವೇಗದ ತಿರುಪಿರೋ ಯಂತ್ರ ಅಲ್ಲಿರುತ್ತೆ.”

“ಮೇಷ್ಟ್ರ ನಾದಿನಿ ಹತ್ರಾನಾ? ಆಯಮ್ಮ ಈ ಸಂಗೀತ ಡಬ್ಬ ಬಡಿದ ಹಾಗಿರುತ್ತೆ ಅಂತಾಳಂತಲ್ಲ.”

“ಡಬ್ಬ ಬಡಿಯೋದು ಅಂದವಳು ಪ್ರತಿ ಭಾನುವಾರ ಬಂದು ಮೂಲೇಲಿ ಹೆಣಿಗೆ ಹಾಕ್ತಾ ಕೂರ್ತಾಳೆ. ಭಾವನ ಫ್ಲಾಸ್ಕು ಇಟ್ಟು ಹೋಗೋಕೆ ಅಷ್ಟು ಹೊತ್ತು ಬೇಕಾ?”

ಯಜಮಾನರು ಗೇರು ಬದಲಿಸಿದರು. “ಅಂದ ಹಾಗೆ, ಒಳಗೆ ಹಾಡು ಬಂದಾಗ ನೀನು ಕಿಟಕಿ ಹತ್ರ ನಿಂತು ತುಟಿ ಆಡಿಸ್ತಿದ್ದೆ. ಇಲ್ಲಿಂದ ಕಂಡಿತು. ಪದ ಎಲ್ಲ ಬರುತ್ತಾ ನಿಂಗೆ?”

“ಬರುತ್ತೆ.”

“ಯಾವಾಗಿಂದ?”

“ಮದುವೆಗೆ ಮುಂಚಿಂದ. ಹಾಸ್ಟೆಲ್ಲಿನ ಪೆಟ್ಟಿಗೆ ಮುಚ್ಚಳದ ಒಳಗೆ ಆ ಮಹರಾಯನ ಫೋಟೋ ಅಂಟಿಸಿದ್ದೆ.”

ಕಾರು ಗಕ್ಕನೆ ನಿಂತಿತು.

“ನಾನಂತೂ ಒತ್ತಲಿಲ್ಲ,” ಎಂದರು ವಿಮೆ ಮೇಡಂ, ತಮ್ಮ ಕಾಲಬುಡದ ಬ್ರೇಕು ನೋಡುತ್ತ.

“ಫೋಟೋ ಈಗೆಲ್ಲಿದೆ?”

“ರೀ, ಆ ಮನುಷ್ಯನಿಗೆ ಎಪ್ಪತ್ತೈದು ದಾಟಿದೆ.”

“ಫೋಟೋಗೆ ವಯಸ್ಸಾಗಲ್ವಲ್ಲ,” ಎಂದು ಗೊಣಗಿ ಯಜಮಾನರು ಮತ್ತೆ ಹೊರಟರು. ರೇಡಿಯೋ ಕೇಂದ್ರದ ಗೇಟು ಬರುವವರೆಗೆ ಮಾತಿಲ್ಲ. ಆದರೆ ಹೆಂಡತಿ ಇಳಿಯುವ ಕಡೆ ಬಿಸಿಲಿದೆ ಎಂದು ಕಾರನ್ನು ತಿರುಗಿಸಿ ನೆರಳಿಗೆ ತಂದು ನಿಲ್ಲಿಸಿದರು.

*

ಉದ್ದದ ಕಾರಿಡಾರು. ಎರಡೂ ಕಡೆ ದಪ್ಪ ಬಾಗಿಲುಗಳು. ಎಲ್ಲಿಂದಲೋ ಸುದ್ದಿ ಓದುವವನೊಬ್ಬ ನಾಲಿಗೆ ತಿರುಚುವ ಹೆಸರೊಂದನ್ನು ಅಭ್ಯಾಸ ಮಾಡುತ್ತ ಪದೇ ಪದೇ ಎಡವುತ್ತಿದ್ದ. ಆಗ ಇನ್ನೊಂದು ಸದ್ದು ಬಂತು. ಹೆಂಗಸೊಬ್ಬಳು ತಡೆದು ತಡೆದು, ಕೊನೆಗೆ ತಡೆಯಲಾರದೆ ನಕ್ಕಳು.

ವಿಮೆ ಮೇಡಂ ನಿಂತಲ್ಲೇ ನಿಂತರು. ಇದೇ ನಗುವನ್ನು ಬೆಳಿಗ್ಗೆ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಕೇಳಿದ್ದರು.

ಬಾಗಿಲು ತೆರೆದು ಹೊರಗೆ ಬಂದವಳು ಮೇಷ್ಟ್ರ ನಾದಿನಿ. ಐವತ್ತರ ಆಸುಪಾಸು, ಎಣ್ಣೆ ಹಚ್ಚಿ ಬಾಚಿದ ಕೂದಲು, ಕೈಯಲ್ಲಿ ಮೂರು ಟೇಪಿನ ಡಬ್ಬಗಳು. ವಿಮೆ ಮೇಡಂ ಅವರನ್ನು ಕಂಡದ್ದೇ ಮುಖದ ನಗು ದೀಪ ಆರಿಸಿದಂತೆ ಹೋಯಿತು.

“ಬನ್ನಿ ಮೇಡಂ.” ತನ್ನ ಕೋಣೆಗೆ ಕರೆದೊಯ್ದು, ಕುರ್ಚಿಯ ಧೂಳನ್ನು ಸೆರಗಿನಿಂದಲೇ ಒರೆಸಿ ಕೂರಿಸಿದಳು.

ನೆಲದಿಂದ ಸೂರಿನವರೆಗೆ ಕಪಾಟುಗಳು. ಮೇಜಿನ ಮೇಲೆ ಎರಡು ಯಂತ್ರ, ಅವುಗಳಿಗೆ ಗುಂಡಗಿನ ವೇಗದ ತಿರುಪು. ಪಕ್ಕದಲ್ಲಿ ಈ ದಿನ ಪ್ರಸಾರವಾಗಿ ಮುಗಿದ ಕ್ಯಾಸೆಟ್ಟುಗಳ ಸಾಲು. ಎಲ್ಲದರಲ್ಲೂ ಟೇಪು ಪೂರ್ತಿ ಒಂದೇ ಕಡೆಗೆ ಸುತ್ತಿಕೊಂಡು ನಿಂತಿತ್ತು.

“ಇವನ್ನೆಲ್ಲ ಹಿಂದಕ್ಕೆ ಸುತ್ತಿಡಲ್ವಾ?”

“ಇಲ್ಲ. ರೀಲಿನ ಕಾಲದಿಂದ ನಮ್ಮಲ್ಲಿ ಹಾಗೇ. ಮುಗಿದಲ್ಲೇ ಬಿಟ್ಟು ಎತ್ತಿಡ್ತೀವಿ. ಟೇಪು ಸಮನಾಗಿ ಕೂತಿರುತ್ತೆ, ಬಾಳಿಕೆ ಬರುತ್ತೆ. ಮುಂದಿನ ಸಲ ಹಾಕೋವಾಗ ಸುತ್ತಿದರಾಯ್ತು.”

“ಡಾಕ್ಟರ ಬಳಗದವರು ಮುಗಿದ ತಕ್ಷಣ ಸುತ್ತಿಡ್ತಾರೆ. ಮೇಷ್ಟ್ರ ಡಬ್ಬಿಯಲ್ಲಿ ಸಿಕ್ಕಿದ್ದು ಮುಗಿದಲ್ಲೇ ನಿಂತಿತ್ತು.”

ಅವಳ ಕೈ ಡಬ್ಬಗಳ ಮೇಲೆ ಹಾಗೆಯೇ ಉಳಿಯಿತು.

“ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತೆ,” ಎಂದರು ವಿಮೆ ಮೇಡಂ. “ನೀವು ತುಂಬಾ ಚೆನ್ನಾಗಿ ತಿದ್ದಿದ್ದೀರಿ. ಸಿರಪ್ಪಣ್ಣನ ಟೇಪಿನ ಜೊತೆ ಓಡಿಸಿ ನೋಡಿದ್ವಿ. ಒಂದು ಎಳೆ ಹೆಚ್ಚುಕಮ್ಮಿ ಇಲ್ಲ.”

ನಾದಿನಿ ಎದ್ದು ಬಾಗಿಲು ಹಾಕಿದಳು. ಹೊರಗಿನ ಸದ್ದೆಲ್ಲ ನಿಂತಿತು.

“ಆ ಸಂಗೀತ ಡಬ್ಬ ಬಡಿಯೋದು ಅಂತ ಯಾಕಮ್ಮ ಹೇಳ್ತಿದ್ರಿ?”

“ಅದು ಅಕ್ಕನ ಮಾತು ಮೇಡಂ. ಅಕ್ಕ ಹೋದ ಮೇಲೆ ನಾನು ಹೇಳ್ತಾ ಬಂದೆ. ಆ ಮನೇಲಿ ಯಾರಾದ್ರೂ ಹೇಳಬೇಕಲ್ಲ.” ಅವಳು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದಳು. “ಆ ಸಂಜೆ ಅಕ್ಕ ನಗಲೇ ಇಲ್ಲ. ಕಿವಿಗೆ ಹತ್ತಿ ತುರುಕಿಕೊಂಡು, ಯಾವಾಗ ಮುಗಿಯುತ್ತೋ ಅಂತ ಕೂತಿದ್ಲು. ಡ್ರಮ್ಮಿನ ಕೋಲು ಹಾರಿ ಬಂದು ಭಾವನ ತಲೆಗೆ ಬಿತ್ತು. ಅವರು ಹಿಂದಕ್ಕೆ ತಿರುಗಿ ನಮ್ಮನ್ನ ನೋಡಿದ್ರು. ಕನ್ನಡಕ ಒಂದು ಕಿವಿಯಿಂದ ಜೋತಾಡ್ತಾ ಇತ್ತು. ನಾನು ನಕ್ಕೆ. ಚೀಲ ನನ್ನ ಅಕ್ಕನ ತೊಡೆ ಮೇಲೆ, ನಗು ನಂದು.”

“ಮೇಷ್ಟ್ರಿಗೆ ಅದು ನಿಮ್ಮದು ಅಂತ ಗೊತ್ತಾಗಲಿಲ್ವಾ?”

“ಅಕ್ಕನ ಧ್ವನಿ ಸಣ್ಣದು, ನನ್ನದು ದಪ್ಪ. ಟೇಪು ಓಡಿದಾಗ ನನ್ನದೂ ಸಣ್ಣದಾಯ್ತು. ಒಂದೇ ತಾಯಿ ಮಕ್ಕಳಲ್ವಾ, ಅಷ್ಟು ಸಾಕು.” ಅವಳು ಡಬ್ಬಗಳನ್ನು ಒಂದರ ಮೇಲೊಂದು ಜೋಡಿಸಿದಳು. “ಅಕ್ಕ ಇರೋವರೆಗೆ ಯಾರೂ ಅದರ ಬಗ್ಗೆ ಯೋಚನೆ ಮಾಡ್ಲಿಲ್ಲ. ಆಮೇಲೆ ಶುರುವಾಯ್ತು. ನಾನು ಸಂಜೆ ಹೋಗಿ ಅಡುಗೆ ಮಾಡಿಟ್ಟು ಬರ್ತೀನಿ. ಪಾತ್ರೆ ಒರೆಸ್ತಾ ಇರೋವಾಗ ಭಾವ ಆ ಜಾಗ ಹಾಕ್ತಾರೆ. ಕೇಳ್ತಾರೆ, ಮತ್ತೆ ಹಾಕ್ತಾರೆ. ‘ನೋಡು ಪುಟ್ಟಿ, ನಿಮ್ಮಕ್ಕನ ಹಾಗೆ ನಗೋಕೆ ಇನ್ಯಾರಿಗೂ ಬರಲ್ಲ’ ಅಂತಾರೆ.”

ವಿಮೆ ಮೇಡಂ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

“ನನ್ನ ನಗುವನ್ನ ನನ್ನ ಮುಂದೇ ಇಟ್ಟು, ನಿಂಗೆ ಹೀಗೆ ನಗೋಕೆ ಬರಲ್ಲ ಅಂತಾರೆ ಮೇಡಂ. ದಿನಾ. ಎಂಟು ವರ್ಷ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಅದೂ ಒಡಹುಟ್ಟಿದವಳು. ನಂಗೆ ಗೊತ್ತು. ಅಕ್ಕನ ಫೋಟೋ ಒರೆಸೋವಾಗ ಭಯ ಆಗುತ್ತೆ, ಎಲ್ಲಿ ಬೇಕಂತಲೇ ಬೀಳಿಸಿಬಿಡ್ತೀನೋ ಅಂತ.”

“ಅದಕ್ಕೆ ಕ್ಯಾಸೆಟ್ ತಂದ್ರಿ.”

“ಕಂಪನಿಯವರು ಬರ್ತಾರೆ ಅಂದಾಗ ತಡೆಯೋಕಾಗ್ಲಿಲ್ಲ. ಊರಿಗೆಲ್ಲ ಅಕ್ಕನ ನಗು ಅಂತ ಹಂಚಿಬಿಡ್ತಾರೆ, ಆಮೇಲೆ ಅದು ನನ್ನದಾಗೋದು ಯಾವಾಗ? ಇಲ್ಲಿ ತಂದು ವೇಗ ತಿದ್ದಿದೆ. ಸರಿಯಾದ ಧ್ವನಿ ಕೇಳಿಸಿದ್ರೆ ಭಾವನಿಗೇ ಗೊತ್ತಾಗುತ್ತೆ, ನಾನು ಬಾಯಿಬಿಡೋ ಅಗತ್ಯ ಬೀಳಲ್ಲ ಅಂದ್ಕೊಂಡೆ. ಕಳೆದ ಭಾನುವಾರ ಅವರು ಹಾಕಿದ್ರು. ನಾನು ಮೂಲೇಲಿ ಹೆಣಿಗೆ ಹಿಡ್ಕೊಂಡು ಕೂತಿದ್ದೆ. ನಗು ಬಂತು.” ಅವಳು ಕಣ್ಣು ಮುಚ್ಚಿದಳು. “‘ಇದು ನನ್ನ ಟೇಪಲ್ಲ’ ಅಂದ್ರು. ಅಷ್ಟೇ. ನನ್ನ ಕಡೆ ತಿರುಗಿ ನೋಡಲೂ ಇಲ್ಲ.”

ಹೊರಗೆ ಕಾರಿಡಾರಿನ ಕೆಂಪು ದೀಪ ಹತ್ತಿ ಆರಿತು. ವಿಮೆ ಮೇಡಂ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದರು.

“ಮೂಲ ಕ್ಯಾಸೆಟ್ ಕೊಡಿ. ನಾನು ಡಾಕ್ಟರ ಕ್ಲಿನಿಕ್ಕಿನಲ್ಲಿ ಎಲ್ಲೋ ಸಿಕ್ಕಿತು ಅಂತೀನಿ. ನಿಮ್ಮ ಹೆಸರು ಬರಲ್ಲ. ಸಿರಪ್ಪಣ್ಣನ ಮೇಲಿನ ಮಾತೂ ತಪ್ಪುತ್ತೆ.”

ನಾದಿನಿ ಕಣ್ಣು ಬಿಟ್ಟಳು. ಅವಳ ಮುಖದಲ್ಲಿ ಕಂಡದ್ದು ಬರೀ ಆಶ್ಚರ್ಯ.

“ನನ್ನ ಹತ್ರ ಎಲ್ಲಿದೆ ಮೇಡಂ? ಸೋಮವಾರವೇ ಕೊಟ್ಟುಬಿಟ್ನಲ್ಲ.”

“ಯಾರಿಗೆ?”

“ಭಾವನಿಗೆ. ಅವರ ಕೈಗೇ. ‘ತಪ್ಪಾಯ್ತು ಭಾವ, ಪ್ರತಿ ತೆಗೆಯೋಣ ಅಂತ ಒಯ್ದಿದ್ದೆ, ಅದಲುಬದಲಾಯ್ತು’ ಅಂದೆ. ಅವರು ತಗೊಂಡು ಕೋಟಿನ ಒಳಜೇಬಿಗೆ ಹಾಕ್ಕೊಂಡ್ರು. ಬೈಯಲೂ ಇಲ್ಲ.”

ಆ ಮೇಷ್ಟ್ರೇ ಮಂಗಳವಾರ ತಮ್ಮ ಮನೆಯ ಹಜಾರದಲ್ಲಿ ಕೂತು, ಹುಡುಕಿಕೊಡಿ ಎಂದು ಅತ್ತಿದ್ದರು. ವಿಮೆ ಮೇಡಂ ಕಾಫಿ ಕೊಟ್ಟು ಸಮಾಧಾನ ಮಾಡಿದ್ದರು. ಆ ಅಳು ಸುಳ್ಳಿನದಾಗಿರಲಿಲ್ಲ, ಅದಕ್ಕೆ ಅವರು ಈಗಲೂ ಆಣೆ ಇಡಬಲ್ಲರು. ಹಾಗಾದರೆ ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆಯೇ? ಮೇಜಿನ ಮೇಲಿನ ಅವಳ ಬೆರಳುಗಳು ಅಲುಗದೆ ಇದ್ದವು.

ಚೀಲದಲ್ಲಿ ಫೋನು ಬಡಿದುಕೊಂಡಿತು. ಹಲ್ಲಿನ ಡಾಕ್ಟರು. ಅವರ ಧ್ವನಿ ಎಷ್ಟು ದೊಡ್ಡದಾಗಿತ್ತೆಂದರೆ ಎದುರಿಗಿದ್ದವಳಿಗೂ ಪ್ರತಿ ಮಾತು ಕೇಳಿಸುತ್ತಿತ್ತು.

“ಸಿಕ್ತು ಮೇಡಂ, ಸಿಕ್ತು! ಮೂಲ ಕ್ಯಾಸೆಟ್ಟು! ಎಲ್ಲಿ ಅಂತೀರಿ? ಆ ಸಿರಪ್ಪಣ್ಣನ ಅಂಗಡೀಲಿ! ಮೇಷ್ಟ್ರು ಮಾತ್ರೆ ನುಂಗಿ ಗಲ್ಲಾಪೆಟ್ಟಿಗೆ ಹಿಂದೆ ಫ್ಯಾನಿನ ಕೆಳಗೆ ಕೂತಿದ್ರಂತೆ. ಟಾನಿಕ್ ಡಬ್ಬಗಳ ಸಂದೀಲಿ ಕಣ್ಣಿಗೆ ಬಿತ್ತಂತೆ. ಅವರೇ ಎತ್ಕೊಂಡು ಓಡಿ ಬಂದ್ರು.”

“ಸಿರಪ್ಪಣ್ಣ ಏನಂತಾರೆ?”

“ಏನಂತಾನೆ? ನಂಗೇನೂ ಗೊತ್ತಿಲ್ಲ ಅಂತ ಬಾಯಿ ಬಾಯಿ ಬಿಡ್ತಾನೆ. ಪೊಲೀಸಿನವರಿಗೆ ಹೇಳಿ ಕಳಿಸಿದೀವಿ. ಸಾಲದ್ದಕ್ಕೆ ಅಂಗಡಿ ಮುಂದೆ ಗಿರಾಕಿಗಳ ಗುಂಪು. ಇನ್ನು ಅವನ ಕೈಯಿಂದ ಯಾರು ಔಷಧಿ ತಗೋತಾರೆ?”

“ಕ್ಯಾಸೆಟ್ ಹಾಕಿ ಕೇಳಿದ್ರಾ?”

ಆ ಕಡೆ ಡಾಕ್ಟರ ಧ್ವನಿ ಇಳಿಯಿತು. “ಕೇಳಿದ್ವಿ. ಅದೇ ಟೇಪು, ಅದೇ ಓಟ. ಆದರೆ ಎರಡನೇ ಹಾಡಾದ ಮೇಲೆ… ಇಲ್ಲ ಮೇಡಂ. ಆ ನಗು ಇಲ್ಲ. ಅಷ್ಟು ಜಾಗ ಮಾತ್ರ ಒರೆಸಿ ಇಟ್ಟ ಹಾಗಿದೆ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವಾ? ಸತ್ತವರ ನಗು ಅಳಿಸೋದಾ? ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಬೇಗ ಬನ್ನಿ.”

ಫೋನು ನಿಂತಿತು.

“ಹಾಗಾದ್ರೆ ಗೊತ್ತಾಗಿತ್ತು,” ಎಂದಳು ನಾದಿನಿ.

ಅದು ಯಾರಿಗೋ ಹೇಳಿದ ಮಾತಾಗಿರಲಿಲ್ಲ. ಅವಳ ಕೆನ್ನೆ ಕಾಲೇಜು ಹುಡುಗಿಯ ಕೆನ್ನೆಯ ಹಾಗೆ ಕೆಂಪಗಾಗಿ, ಒಂದೇ ಕ್ಷಣದಲ್ಲಿ ಬಿಳುಚಿತು. “ಭಾನುವಾರವೇ ಗೊತ್ತಾಗಿತ್ತು ಭಾವನಿಗೆ. ನಾನು ಅಂತ. ಅದಕ್ಕೇ ಅಳಿಸಿದ್ದಾರೆ.”

“ಈಗಲೇ ನನ್ನ ಜೊತೆ ಬನ್ನಿ,” ವಿಮೆ ಮೇಡಂ ಎದ್ದರು. “ಅದನ್ನ ಅಂಗಡೀಲಿ ಇಟ್ಟವರೂ ನಿಮ್ಮ ಭಾವನೇ. ಸೋಮವಾರ ಕ್ಯಾಸೆಟ್ ಯಾರ ಕೈಲಿತ್ತು ಅಂತ ನೀವೊಬ್ಬರು ಹೇಳಿದ್ರೆ ಸಾಕು. ಸಿರಪ್ಪಣ್ಣ ಬೆಳಿಗ್ಗೆ ನಿಮ್ಮ ಭಾವನ ಕೈ ಹಿಡಿದು ಮೆಟ್ಟಿಲಿಳಿಸಿದ್ರು.”

ನಾದಿನಿಯೂ ಎದ್ದಳು. ತಾನು ತಂದಿದ್ದ ಮೂರು ಡಬ್ಬಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಅವುಗಳ ಜಾಗಕ್ಕೆ ಸೇರಿಸಿದಳು. ಆಮೇಲೆ ಬಾಗಿಲು ತೆರೆದು, ಬಂದ ಅತಿಥಿಯನ್ನು ಬೀಳ್ಕೊಡುವವರ ಹಾಗೆ ಪಕ್ಕಕ್ಕೆ ಸರಿದು ನಿಂತಳು.

“ಯಾವ ಕ್ಯಾಸೆಟ್ಟು ಮೇಡಂ?” ಎಂದಳು. ಧ್ವನಿ ತಗ್ಗಿತ್ತು, ನಡುಗುತ್ತಿರಲಿಲ್ಲ. “ಆ ಸಂಜೆ ನಕ್ಕಿದ್ದು ನಮ್ಮಕ್ಕ. ನಾನು ಯಾವತ್ತೂ ಏನನ್ನೂ ತಿದ್ದಿಲ್ಲ.”